ಅಂಗಾಲಿಗೆ ಹಾಕಿದ ಪ್ಯಾಚು

ನನ್ನ ತಂಗಿಯ ಗಂಡ ಪಂಕ್ಚರ್ ಅಂಗಡಿಯವನು. ಅವನು ಮುಚ್ಚಿದ ತೂತು ಮತ್ತೆ ಉಸಿರು ಬಿಟ್ಟದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಪ್ಯಾಚಣ್ಣ. ಸೋರುವ ಬಕೆಟ್ಟು, ಒಡೆದ ಪೈಪು, ಹರಿದ ಚಪ್ಪಲಿ, ಅವನ ಕಣ್ಣಿಗೆ ಎಲ್ಲವೂ ಟ್ಯೂಬೇ.

ಅಂಗಡಿ ಮುಂದಿನ ಮಣ್ಣಿನಲ್ಲಿ ಹೂತಿದ್ದ ಮೊಳೆಯೊಂದು ತಂಗಿಯ ಅಂಗಾಲಿಗೆ ಆಳವಾಗಿ ಹೊಕ್ಕಿತು. ಅವನು ಮೊಳೆ ಕಿತ್ತು, ಮೇಲೆ ಮೇಲೆ ಒರೆಸಿ, ಸೊಲ್ಯೂಷನ್ ಬಳಿದು, ರಬ್ಬರ್ ತುಂಡನ್ನು ಒತ್ತಿ ಕೂರಿಸಿದ.

"ಇನ್ನು ಧೂಳಿರಲಿ, ಗಾಳಿನೂ ಒಳಗೆ ಹೋಗಲ್ಲ," ಎಂದು ಬೀಗಿದ.

ವಾರ ಕಳೆಯಿತು. ಒಂದು ಬೆಳಿಗ್ಗೆ ತಂಗಿ ಅವನನ್ನು ಬೈಯಲಿಲ್ಲ. ಬಾಯಿ ತೆರೆದರೆ ಬೀದಿಯೆಲ್ಲ ಕೇಳಬೇಕು, ಅಂಥ ಗಂಟಲಿನವಳು.

"ಭಾವ, ಇವತ್ತು ಮನೇಲಿ ಶಾಂತಿ!" ಎಂದು ನನಗೆ ಕಣ್ಣು ಮಿಟುಕಿಸಿದ.

ನಾನೂ ನಕ್ಕೆ. ಅವಳು ಲೋಟ ಎತ್ತಿದಳು. ನೀರೆಲ್ಲ ಗಲ್ಲದ ಮೇಲೆ ಇಳಿಯಿತು. ದವಡೆ ಬಿಗಿದುಕೊಂಡಿತ್ತು, ಹಲ್ಲುಗಳ ನಡುವೆ ಚಮಚವೂ ತೂರಲಿಲ್ಲ. ಪ್ಯಾಚಣ್ಣನ ಮುಖ ಸುಣ್ಣವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ನೋಡಿದವರೇ ಕೇಳಿದರು: "ಇದನ್ನ ಅಂಟಿಸಿದ್ದು ಯಾರು?"

"ನಾನೇ, ಅಮ್ಮಾ. ಗಾಳಿ ತಾಗದಿರಲಿ ಅಂತ..."

"ಗಾಳಿ ಇದ್ದಿದ್ರೆ ಮೊಳೆ ಜೊತೆ ಒಳಗೆ ಹೋದ ಕ್ರಿಮಿ ಬೀಜದ ಹಾಗೆ ಸುಮ್ನೆ ಬಿದ್ದಿರ್ತಿತ್ತು. ಮೊದಲೇ ಆಳದ ಗಾಯ, ಅದರ ಮೇಲೆ ನಿಮ್ಮ ಮುಚ್ಚಳ ಬೇರೆ. ಎದ್ದು ಬೆಳೀತು. ತಿನ್ನೋಕೆ ಇರೋವರೆಗೂ ಬರೀ ಬೆಳೆಯತ್ತೆ. ಆಹಾರ ಕಮ್ಮಿ ಆಗ್ತಾ ಬಂದ್ಹಾಗೆ ವಿಷ ಮಾಡೋಕೆ ಇಳಿಯತ್ತೆ. ಆ ವಿಷ ಈಗ ನರ ಹಿಡಿದಿದೆ."

"ತೆಗೀರಮ್ಮಾ ಅದನ್ನ!"

"ನರಕ್ಕೆ ಅಂಟಿದ್ದು ನಮ್ಮ ಕೈಗೂ ಬರಲ್ಲ. ಇನ್ನೂ ಅಂಟದೇ ಇರೋ ವಿಷಕ್ಕೆ ಇಂಜೆಕ್ಷನ್ ಕೊಡ್ತೀವಿ, ಗಾಯ ಬಿಡಿಸಿ ತೊಳೀತೀವಿ. ಉಸಿರಾಟ ಕಟ್ಟದಿದ್ರೆ ಉಳೀತಾರೆ."

ಕತ್ತಲು ಮಾಡಿದ ಕೋಣೆಯಲ್ಲಿ ಅವಳನ್ನು ಮಲಗಿಸಿದರು. ಯಾರದೋ ಕೈಯಿಂದ ಚಮಚ ಬಿದ್ದ ಸದ್ದಿಗೇ ಅವಳ ಮೈ ಬಿಲ್ಲಿನಂತೆ ಬಾಗಿತು. ಅಂದಿನಿಂದ ಪ್ಯಾಚಣ್ಣ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲ ಹೊರಗೆ ಕುಳಿತ. ಕೆಮ್ಮು ಬಂದರೆ ಬಾಯಿ ಮುಚ್ಚಿ ಗೇಟಿನಾಚೆ ಓಡಿ, ಅಲ್ಲಿ ಕೆಮ್ಮಿ ಬರುತ್ತಿದ್ದ. ಉಳಿದ ಹೊತ್ತೆಲ್ಲ ಬಾಗಿಲ ಸಂದಿಯಿಂದ ಅವಳ ಎದೆಯ ಏರಿಳಿತವನ್ನೇ ನೋಡುತ್ತಿದ್ದ, ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆಗೆ ಕಾಯುವವನಂತೆ. ಒಮ್ಮೆ ಆ ಎದೆ ನಿಂತೇ ಹೋಯಿತೆನಿಸಿ ನನ್ನ ತೋಳು ಹಿಡಿದ ಹಿಡಿತ ಇನ್ನೂ ನೆನಪಿದೆ. ಎದೆ ಮತ್ತೆ ಏರಿತು.

ಎಷ್ಟೋ ವಾರಗಳ ಮೇಲೆ ದವಡೆ ಸಡಿಲಿತು. ನರ್ಸ್ ಒಳಗೆ ಕರೆದರು. ತಂಗಿ ತಡವರಿಸುತ್ತ ಬಾಯಿಬಿಟ್ಟಳು:

"ನನ್ನೇನು... ಸೈಕಲ್ ಟ್ಯೂಬ್ ಅಂದ್ಕೊಂಡ್ರಾ, ಪುಣ್ಯಾತ್ಮ?"

ಅವನು ಅವಳ ಕಾಲ ಬಳಿ ಕುಸಿದು ಕುಳಿತ.

"ಇನ್ನೂ ಬೈಯೇ," ಎಂದ. "ಜೋರಾಗಿ ಬೈಯೇ."