ಬಿಸಿಕೈ ಅಕ್ಕನ ಬೆಳಗಿನ ಸುತ್ತು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನ ಬಾಗಿಲಲ್ಲಿ ಆಯಾ ಒಬ್ಬರು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಸುಮ್ಮನೆ ನಿಂತಿದ್ದಾರೆ. ಹೊಸಬರು ನೋಡಿದರೆ ಮೈಗಳ್ಳಿ ಅಂದುಕೊಳ್ಳಬೇಕು, ಹಾಗೆ. ಐದು ನಿಮಿಷ ಕಳೆದ ಮೇಲೆ ಮೊದಲ ಮಂಚದತ್ತ ಹೋಗಿ ರೋಗಿಯ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾರೆ, ಉಗುರು ಒತ್ತಿ ಬಿಡುತ್ತಾರೆ. ಬಿಳಿಚಿದ ಉಗುರು ಎರಡು ಎಣಿಸುವಷ್ಟರಲ್ಲಿ ಮತ್ತೆ ಕೆಂಪೇರಬೇಕು.

ಇಲ್ಲಿರುವವರೆಲ್ಲ ಕೈಗೆ ರಕ್ತ ಸರಿಯಾಗಿ ಹರಿಯದೆ ಬಂದವರು. ಬೆರಳು ಬೆಳ್ಳಗಾಗಿ, ನೀಲಿಯಾಗಿ, ತುದಿ ಹುಣ್ಣಾಗುತ್ತದೆ. ಬಿಟ್ಟರೆ ಕತ್ತರಿಸುವುದೊಂದೇ ದಾರಿ. ಸರ್ಜನ್ನರು ಕಾಲಿನಿಂದ ತುಂಡು ರಕ್ತನಾಳ ತೆಗೆದು, ಅಂಗೈಯಲ್ಲಿ ಕಟ್ಟಿಕೊಂಡಿರುವ ನಾಳದ ಜಾಗಕ್ಕೆ ಹೊಲಿಯುತ್ತಾರೆ. ಆ ಹೊಸ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಅದಕ್ಕೇ ಗಂಟೆಗೊಮ್ಮೆ ಈ ಸುತ್ತು. ಬರೆದಿಡುವವರು ನರ್ಸು, ಮೊದಲು ಮುಟ್ಟುವವರು ಇವರು. ಪಾಳಿಗೆ ಎಂಟು ಸುತ್ತು, ಸುತ್ತಿಗೆ ಐವತ್ತು ಬೆರಳು, ಇಪ್ಪತ್ತಾರು ವರ್ಷ. ವಾರ್ಡಿನಲ್ಲಿ ಇವರ ಹೆಸರು ಬಿಸಿಕೈ ಅಕ್ಕ.

ಇವರ ಬಗ್ಗೆ ಬರೆಯಲು ಬಂದ ನಾನು ಕಂಕುಳಿನ ಕಥೆ ಕೇಳಿದರೆ ಅಕ್ಕ ಮುಖ ಆಚೆ ತಿರುಗಿಸುತ್ತಾರೆ. ಒಂಬತ್ತು ವರ್ಷದ ಹಿಂದಿನ ಚಳಿಗಾಲ. ತಣ್ಣೀರಲ್ಲಿ ಬೇಸಿನ್ ತೊಳೆದ ಕೈಯಲ್ಲೇ ಟೈಲರಮ್ಮ ಒಬ್ಬರ ತೋರುಬೆರಳು ಮುಟ್ಟಿ, ಬೆಚ್ಚಗಿದೆ ಅಂದುಬಿಟ್ಟರು.

"ನನ್ನ ಕೈ ಅದಕ್ಕಿಂತ ತಣ್ಣಗಿತ್ತು ನೋಡಿ, ಅದಕ್ಕೇ ಬೆಚ್ಚಗೆ ಅನ್ನಿಸ್ತು. ಉಗುರು ಒತ್ತೋಕೂ ಹೋಗ್ಲಿಲ್ಲ. ಬೆರಳು ಹೋಯ್ತು. ನಾನೇ ಹೋಗಿ ಹೇಳ್ದೆ, ತಪ್ಪು ನಂದು ಅಂತ. ಟೈಲರಮ್ಮ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ನಾಲ್ಕನೇ ಮಂಚದಲ್ಲಿ ಕಲ್ಲು ಕೊರೆಯುವಾತ. ಯಂತ್ರ ಅದುರಿ ಅದುರಿ ಅಂಗೈಯ ನಾಳ ಕೆಟ್ಟಿತ್ತು, ನಿನ್ನೆ ಆಪರೇಷನ್ ಆಗಿದೆ. ಅವನ ಉಂಗುರ ಬೆರಳಿನ ಮೇಲೆ ಅಕ್ಕನ ಕೈ ನಿಲ್ಲುತ್ತದೆ. ಉಗುರು ಒತ್ತುತ್ತಾರೆ. ಎರಡು, ಮೂರು, ನಾಲ್ಕು. ಇನ್ನೂ ಬಿಳಿ.

"ಏನಕ್ಕಾ, ಬೆರಳಿಗೂ ನಿದ್ದೆ ಬಂತಾ?" ಅನ್ನುತ್ತಾನೆ ಆತ. ನಗುತ್ತಿದ್ದಾನೆ, ಆದರೆ ಕಣ್ಣು ಬೆರಳಿನ ಮೇಲೇ ಇದೆ.

"ಸುಮ್ನಿರಪ್ಪ, ಎಬ್ಬಿಸ್ತೀವಿ," ಎಂದವರೇ ಅಕ್ಕ ನರ್ಸನ್ನು ಕೂಗುತ್ತಾರೆ.

ಅರ್ಧ ಗಂಟೆಯೊಳಗೆ ಅವನು ಮತ್ತೆ ಥಿಯೇಟರ್‌ನಲ್ಲಿ. ವಾಪಸು ಬಂದಾಗ ಹನ್ನೊಂದು ದಾಟಿದೆ, ಹೆಪ್ಪು ತೆಗೆದಿದ್ದಾರೆ. ಅಕ್ಕ ಮತ್ತೆ ಕಂಕುಳಲ್ಲಿ ಕೈಯಿಟ್ಟು ನಿಲ್ಲುತ್ತಾರೆ. ಅವನ ಹೆಂಡತಿ ಮಂಚದ ಕಂಬಿ ಹಿಡಿದು ನೋಡುತ್ತಾಳೆ. ಈ ಐದು ನಿಮಿಷ ನನಗೂ ಸಹಿಸಲಾಗುವುದಿಲ್ಲ. ಕೊನೆಗೆ ಬೆರಳು ಮುಟ್ಟಿ ಉಗುರು ಒತ್ತುತ್ತಾರೆ. ಎರಡು ಎಣಿಸುವ ಮೊದಲೇ ಕೆಂಪು ಓಡಿ ಬರುತ್ತದೆ.

"ನಾನೂ ಮುಟ್ಟಲಾ?" ಎಂದು ಕೈ ಚಾಚುತ್ತೇನೆ.

"ಮೊದ್ಲು ಕೈ ಬೆಚ್ಚಗೆ ಮಾಡ್ಕೊಳ್ಳಿ," ಎಂದು ಗದರುತ್ತಾರೆ.

ಬರುವ ವರ್ಷ ಅವರಿಗೆ ನಿವೃತ್ತಿ. ಏನಾದರೂ ಆಸೆ ಇದೆಯಾ ಅಂದರೆ ಮೂಲೆಯ ನಲ್ಲಿ ತೋರಿಸುತ್ತಾರೆ. "ಅದರಲ್ಲಿ ಬಿಸಿನೀರು ಬರೋ ಹಾಗೆ ಮಾಡಿ ಅಂತ ಆರು ಸಲ ಅರ್ಜಿ ಕೊಟ್ಟಿದೀನಿ. ನನಗಲ್ಲ, ನಂಗೆ ಅಭ್ಯಾಸ ಆಗೋಗಿದೆ. ನನ್ನ ಜಾಗಕ್ಕೆ ಬರೋಳಿಗೆ. ಅವಳು ಯಾರ ಹತ್ರಾನೂ ಹೋಗಿ ತಪ್ಪು ನಂದು ಅನ್ನೋ ಹಾಗೆ ಆಗಬಾರದು."