ಅಕ್ಕಿ ಸೆಳೆಯುವ ಚೊಂಬು

ಗೌನಿಪಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಮುನಿಲಕ್ಷ್ಮಿ ಮೇಡಂ ನಾನೂರು ವರ್ಷ ಹಳೆಯ ಇಂಗ್ಲಿಷ್ ಪ್ರಹಸನವೊಂದನ್ನು ಎರಡು ಬೇಸಿಗೆ ರಜೆ ಕೂತು ಕನ್ನಡಕ್ಕೆ ತಂದಿದ್ದರು. ಯಜಮಾನನಿಲ್ಲದ ಮನೆಯಲ್ಲಿ ಮೂವರು ಕಳ್ಳರು ಸೇರಿಕೊಂಡು, ತಗಡನ್ನು ಚಿನ್ನ ಮಾಡಿಕೊಡುತ್ತೇವೆಂದು ಊರನ್ನೆಲ್ಲ ಬೋಳಿಸುವ ಕಥೆ. ಮೇಡಂ ತಗಡಿನ ಜಾಗಕ್ಕೆ ತಾಮ್ರದ ಚೊಂಬು ತಂದರು. ಸಿಡಿಲು ಬಡಿದ ಚೊಂಬು ಅಕ್ಕಿಕಾಳನ್ನು ಸೆಳೆಯುತ್ತದೆ, ವಿದೇಶದವರು ಅದಕ್ಕೆ ಕೋಟಿ ಕೊಡುತ್ತಾರೆ ಎಂದು ನಂಬಿ ಹಣ ಕಳೆದುಕೊಂಡ ಕೆಲವರು ಅವರಿಗೇ ಗೊತ್ತಿದ್ದರು. ನಾಟಕ ನೋಡಿಯಾದರೂ ಜನ ಎಚ್ಚರವಾಗಲಿ ಎಂಬುದು ಅವರ ಆಸೆ.

ಮೋಸಹೋಗುವ ಸಾಹುಕಾರನ ಪಾತ್ರ ಅವರ ತಮ್ಮ ಗೋಪಿಯದು. ಮಾವಿನ ತೋಟ ಬಿಟ್ಟರೆ ಬೇರೇನೂ ಕಂಡವನಲ್ಲ. ಆದರೆ ಚೊಂಬು ತಬ್ಬಿಕೊಂಡು ಅವನು ಅತ್ತರೆ ಜನ ಬಿದ್ದುಬಿದ್ದು ನಗುತ್ತಿದ್ದರು. ಶ್ರೀನಿವಾಸಪುರ, ಮಾಲೂರು, ಕೋಲಾರ ಎಂದು ಒಂಬತ್ತು ಕಡೆ ಆಡಿದರು.

ತಾಯಲೂರಿನ ಪ್ರದರ್ಶನಕ್ಕೆ ಎರಡು ವಾರವಿರುವಾಗ ಗೋಪಿ ತಾಲೀಮಿಗೆ ನಡೆದುಕೊಂಡು ಬಂದ.

‘ಬೈಕ್ ಎಲ್ಲೋ?’ ಮುನಿಲಕ್ಷ್ಮಿ ಕೇಳಿದರು.

‘ಕೊಟ್ಬಿಟ್ಟೆ ಅಕ್ಕಾ. ಮುಳಬಾಗಿಲಲ್ಲಿ ಒಬ್ರತ್ರ ಚೊಂಬಿದೆ. ಅಡ್ವಾನ್ಸ್ ಅಂತ ಇಸ್ಕೊಂಡ್ರು.’

ತಮಾಷೆ ಎಂದುಕೊಂಡರು. ಅವನ ಮುಖದಲ್ಲಿ ನಗು ಇರಲಿಲ್ಲ.

‘ಲೇ, ಒಂಬತ್ತು ಸಲ ಆಡಿದೀಯ ಕಣೋ. ಆ ಕಳ್ಳನ ಮಾತೆಲ್ಲ ನಿಂಗೇ ಬಾಯಿಪಾಠ.’

‘ಅದು ನಾಟಕ. ಇದು ಕಣ್ಣಾರೆ ನೋಡಿದೀನಿ. ಕಾಳು ಹೋಗಿ ಅಂಟ್ಕೊಳ್ತು.’

ಮರುದಿನ ಮನೆಯ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ಕಟ್ಟಿಕೊಂಡು, ತಮ್ಮನನ್ನೂ ಎಳೆದುಕೊಂಡು ಮುಳಬಾಗಿಲಿಗೆ ಹೋದರು. ಚೊಂಬಿನ ಒಡೆಯ ಕಾಂತರಾಜ್ ಮೆಲುದನಿಯ ಮನುಷ್ಯ, ಕೂರಿಸಿ ಕಾಫಿ ಕೊಟ್ಟ. ಮುನಿಲಕ್ಷ್ಮಿ ತಾವೇ ತಂದ ಅಕ್ಕಿಯನ್ನು ಚೊಂಬಿನ ಹತ್ತಿರ ಹಿಡಿದರು. ಒಂದು ಕಾಳೂ ಅಲುಗಲಿಲ್ಲ.

ಕಾಂತರಾಜ್ ಬೇಸರ ಮಾಡಿಕೊಳ್ಳಲಿಲ್ಲ. ‘ಪಾಲಿಶ್ ಅಕ್ಕಿ ಅಲ್ವಾ ಮೇಡಂ? ಇದಕ್ಕೆ ಆಗಲ್ಲ. ಶುಕ್ರವಾರ ಪೂಜೆ ಮಾಡಿ ನಾನೇ ತೋರಿಸ್ತೀನಿ.’

ಹೆಚ್ಚುಕಡಿಮೆ ಇದೇ ಮಾತನ್ನು ಮುನಿಲಕ್ಷ್ಮಿ ಎರಡನೇ ಅಂಕದಲ್ಲಿ ತಮ್ಮ ಕೈಯಾರೆ ಬರೆದಿದ್ದರು. ಈಗಲಾದರೂ ಅರ್ಥವಾದೀತು ಎಂದು ತಮ್ಮನ ಕಡೆ ತಿರುಗಿದರೆ ಅವನು ತಲೆಯಾಡಿಸುತ್ತಿದ್ದ.

‘ಹೌದಕ್ಕಾ, ಪಾಲಿಶ್ ಮಾಡ್ದಿರೋ ಅಕ್ಕಿ ತರ್ಬೇಕಿತ್ತು.’

ಶುಕ್ರವಾರ ಆ ಮನೆಗೆ ಬೀಗ ಬಿದ್ದಿತ್ತು. ಫೋನೂ ಹೋಗಲಿಲ್ಲ. ಮುನಿಲಕ್ಷ್ಮಿ ಒಬ್ಬರೇ ಪೊಲೀಸ್ ಠಾಣೆಗೆ ಹೋದರು. ಬೈಕ್ ಕಳೆದುಕೊಂಡವರೇ ಬಂದು ಸಹಿ ಹಾಕಬೇಕು ಎಂದರು ಅಲ್ಲಿದ್ದವರು. ಗೋಪಿ ಹಾಕಲಿಲ್ಲ.

‘ಅವ್ರು ಬರ್ತಾರೆ ಅಕ್ಕಾ. ಕಂಪ್ಲೇಂಟ್ ಕೊಟ್ರೆ ಚೊಂಬೂ ಕೈ ತಪ್ಪುತ್ತೆ.’

ಬೈದರು, ಅತ್ತರು, ನಾಲ್ಕು ದಿನ ಮಾತು ಬಿಟ್ಟರು. ಅವನು ಜಗ್ಗಲಿಲ್ಲ. ಆ ಪಾತ್ರಕ್ಕೆ ಬೇರೆಯವರೂ ಸಿಗಲಿಲ್ಲ.

ತಾಯಲೂರಿನಲ್ಲಿ ಬಣ್ಣ ಹಚ್ಚಿಸಿಕೊಳ್ಳಲು ಕೂತಾಗ ಗೋಪಿ ತಗ್ಗಿದ ದನಿಯಲ್ಲಿ ಕೇಳಿದ: ‘ಆ ಸಾಹುಕಾರನ್ನ ಅಷ್ಟೊಂದು ದಡ್ಡ ಮಾಡ್ಬೇಕಾ ಅಕ್ಕಾ? ಇನ್ನೆರಡು ದಿನ ಕಾದಿದ್ರೆ ಅವನಿಗೆ ನಿಜವಾದ ಚೊಂಬೇ ಸಿಕ್ತಿತ್ತೇನೋ.’

ಮುನಿಲಕ್ಷ್ಮಿ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಬಣ್ಣ ಬಳಿಯುತ್ತಾ ಹೋದರು.