ರಹೀಮಾಳ ತವರು

೧೯೮೨ರಲ್ಲಿ ನಾನು ಪುಣೆಯ ನಿಗಡಿ ಬಳಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗಿ ಬಸುರಿಯರನ್ನು ನೋಡಿಬರುವುದು ನನ್ನ ಪಾಲಿನ ಕೆಲಸ. ಅಲ್ಲಿದ್ದವರು ಹೆಚ್ಚಾಗಿ ಗುಲ್ಬರ್ಗಾ ಕಡೆಯವರು, ನಾನು ಧಾರವಾಡದವಳು. ಅವರಲ್ಲಿ ಶರಣವ್ವ ಎಂಬಾಕೆ ಕಳೆದ ತಿಂಗಳು ತೀರಿಕೊಂಡಳು. ಅವಳ ಮಣ್ಣಿಗೆ ಹೋಗಿ ಬಂದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಆ ವರ್ಷ ನಮ್ಮ ಭಾಗದ ಪೊಲೀಸರು ಗಡಿಯಾಚೆಯಿಂದ ಕಾಗದಪತ್ರವಿಲ್ಲದೆ ಬಂದ ಬಂಗಾಳಿಗಳನ್ನು ಹುಡುಕಿ ಕಳಿಸತೊಡಗಿದ್ದರು. ಶೆಡ್ಡುಗಳಿಗೆ ಬಂದು ರೇಷನ್ ಕಾರ್ಡ್ ಕೇಳುವರು; ಇಲ್ಲದಿದ್ದರೆ ಮರಾಠಿ ಮಾತಾಡಿಸಿ ನೋಡುವರು. ಮರಾಠಿ ಬಾರದ ತಪ್ಪಿಗೆ ಶರಣವ್ವನೂ ಒಂದು ಹಗಲು ಠಾಣೆಯಲ್ಲಿ ಕೂತು ಬಂದಿದ್ದಳು. ಆಮೇಲೆ ಆಸ್ಪತ್ರೆಗೂ ಬಾಯಿಮಾತಿನ ಆದೇಶ ಬಂತು: ದಾಖಲೆ ಇಲ್ಲದವರು ಬಂದರೆ ತಿಳಿಸಬೇಕು. ಬಾಗಿಲ ಬಳಿ ಜಾಧವ ಎಂಬ ಪೇದೆ ಕೂರತೊಡಗಿದ. ಶೆಡ್ಡುಗಳಿಂದ ಬರುವ ಬಸುರಿಯರು ಕಡಿಮೆಯಾದರು.

ಶರಣವ್ವನ ಪಕ್ಕದ ಶೆಡ್ಡಿನಲ್ಲಿ ರಹೀಮಾ ಇದ್ದಳು. ಚೊಚ್ಚಲ ಬಸುರಿ. ಗಾರೆ ಕೆಲಸದ ಅವಳ ಗಂಡನನ್ನು ಹಿಡಿದು ಗಡಿಯ ಕಡೆಯ ರೈಲು ಹತ್ತಿಸಿದ್ದರು. ಆಗ ಅವಳು ನೀರಿಗೆ ಹೋಗಿದ್ದರಿಂದ ಸಿಗಲಿಲ್ಲ. ಗಂಡ ತಿರುಗಿ ಬಂದರೆ ಇಲ್ಲಿಗೇ ಬರುತ್ತಾನೆಂದು ಜಾಗ ಬಿಡಲಿಲ್ಲ. ಶರಣವ್ವ ಅವಳ ಹಣೆಗೆ ಕುಂಕುಮವಿಟ್ಟು, ಕೇಳಿದವರಿಗೆ ಆಳಂದದ ತನ್ನ ತಂಗಿಯ ಮಗಳೆಂದು ಹೇಳುತ್ತಿದ್ದಳು. ಹುಡುಗಿಗೆ ಬರುತ್ತಿದ್ದ ಕನ್ನಡ ‘ಹೌದ್ರಿ’ ಒಂದೇ. “ನಿನ್ನ ಗಂಡ ಕ್ವಾಣ ಇದ್ದಂಗ ಇದ್ದಾನೇನ?” ಎಂದು ಕೇಳಿ, ‘ಹೌದ್ರಿ’ ಅನ್ನಿಸಿ, ಹೆಂಗಸರು ನಗುತ್ತಿದ್ದರು. ಏಳನೇ ತಿಂಗಳಲ್ಲಿ ಎಲ್ಲರೂ ಸೇರಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಬಸುರಿಗೆ ತವರಿನವರು ಮಾಡುವ ಕುಬಸದ ಶಾಸ್ತ್ರ ಮಾಡಿದರು.

ದಿನ ತುಂಬುತ್ತ ಬಂದಂತೆ ನನಗೆ ಮಾತ್ರ ಹೆದರಿಕೆ ಹೆಚ್ಚಿತು. ಅವಳ ಮೈಯಲ್ಲಿ ರಕ್ತ ಕಡಿಮೆ, ಕಾಲು ಬಾತಿದ್ದವು. ನಮ್ಮ ಆಸ್ಪತ್ರೆಯ ಲೇಡಿ ಡಾಕ್ಟರಿಗೆ ಹೇಳಿದೆ. ಕರೆತನ್ನಿ, ಯಾರಿಗೂ ತಿಳಿಸುವುದಿಲ್ಲ ಎಂದರು. ಜಾಧವನನ್ನೂ ಕೇಳಿಕೊಂಡೆ. ಅವನು, ಆಕೆ ಬಂದಾಗ ತಾನು ಚಹಾಕ್ಕೆ ಹೋಗಿರುತ್ತೇನೆ ಎಂದ. ಈ ಮಾತನ್ನು ಶರಣವ್ವನಿಗೆ ಮುಟ್ಟಿಸಿದೆ.

“ಪೊಲೀಸ ಚಾ ಕುಡಿಯಾದು ಎಷ್ಟೊತ್ತರಿ ಬಾಯಾರ? ಅಷ್ಟರಾಗ ಹೆರಿಗಿ ಆಗ್ತದೇನು?” ಎಂದಳು. ಮತ್ತೆ ಒತ್ತಾಯಿಸಿದಾಗ, “ಚೊಚ್ಚಲ ಹೆರಿಗಿ ತವರಿನ್ಯಾಗ ಆಗಬೇಕ್ರಿ. ಕುಬಸ ಮಾಡಿದವರು ನಾವು. ಈಗ ನಾವ ಆಕಿ ತವರು,” ಎಂದಳು. ಪೊಲೀಸರ ಭಯಕ್ಕೆ ಸಂಪ್ರದಾಯವೂ ಜೊತೆಯಾಗಿತ್ತು. ನಾನು ಸೋತೆ.

ಹದಿನೈದು ದಿನಗಳ ಮೇಲೆ ಒಂದು ಮುಂಜಾನೆ ಇಟ್ಟಿಗೆಯ ಟೆಂಪೋದಲ್ಲಿ ರಹೀಮಾಳನ್ನು ತಂದರು. ಮಗು ಹುಟ್ಟಿತ್ತು. ಮಾಸು, ಅಂದರೆ ನಾವು ಪ್ಲಾಸೆಂಟಾ ಎನ್ನುವುದು, ಒಳಗೇ ಉಳಿದು ರಕ್ತ ನಿಲ್ಲದೆ ಹೋಗುತ್ತಿತ್ತು. ಅವಳನ್ನು ಟೆಂಪೋದಿಂದ ಎತ್ತಿ ಒಳಗೆ ತಂದವನು ಜಾಧವನೇ. ಡಾಕ್ಟರ್ ಕೈಲಾದದ್ದನ್ನೆಲ್ಲ ಮಾಡಿದರು. ಪುಣೆಯಿಂದ ರಕ್ತದ ಬಾಟಲಿ ಬರುವ ಮೊದಲೇ ಅವಳ ನಾಡಿ ನಿಂತಿತು.

ಹೊರಗೆ ಶರಣವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಅಳಲಿಲ್ಲ. ಜಾಧವನ ಕಡೆ ನೋಡಿ, “ಈಗ ಕೇಳ್ರಿ ಸಾಹೇಬ್ರ, ಆಕಿ ಊರ ಯಾವುದು ಅಂತ,” ಎಂದಳು. ಏನನ್ನುತ್ತಾಳೆಂದು ಅವನು ನನ್ನನ್ನು ಕೇಳಿದ. ಮರಾಠಿಯಲ್ಲಿ ಹೇಳಿದೆ.

ಗಂಡ ಬರಲೇ ಇಲ್ಲ. ಆ ಹೆಣ್ಣುಮಗುವನ್ನು ಶರಣವ್ವನೇ ಸಾಕಿದಳು. ಕಳೆದ ತಿಂಗಳು ಅವಳ ಬಾಯಿಗೆ ಕೊನೆಯ ನೀರು ಬಿಟ್ಟವಳೂ ಆ ಮಗಳೇ. ಬರಹದಲ್ಲಿ ಕೊಡದಿದ್ದ ಆದೇಶವನ್ನು ಯಾರೂ ಹಿಂಪಡೆಯಲಿಲ್ಲ. ಕೆಲವು ವರ್ಷಗಳಲ್ಲಿ ತಾನಾಗಿ ಸಡಿಲವಾಯಿತು.

ಆಸ್ಪತ್ರೆಗೆ ಬಂದವರನ್ನು ನೋಡಿಕೊಳ್ಳುವುದನ್ನಷ್ಟೇ ತರಬೇತಿಯಲ್ಲಿ ನನಗೆ ಕಲಿಸಿದ್ದರು. ಬರಲು ಹೆದರುವವರೂ ನಮ್ಮ ರೋಗಿಗಳೇ ಎಂದು ಕಲಿಯಲು ನನಗೆ ಒಂದು ಸಾವು ಬೇಕಾಯಿತು. ಅಲ್ಲಿಂದ ನಿವೃತ್ತಿಯವರೆಗೆ, ಕರೆ ಬಂದಾಗಲೆಲ್ಲ ಹೆರಿಗೆಯ ಚೀಲ ಹಿಡಿದು ಶೆಡ್ಡುಗಳಿಗೆ ನಾನೇ ಹೋದೆ. ಯಾರ ಊರನ್ನೂ ವಿಚಾರಿಸಲಿಲ್ಲ. ನೋವು ಯಾವಾಗ ಶುರುವಾಯಿತು ಎಂದು ಕೇಳಿ, ಕೈ ತೊಳೆದು ಹೆರಿಗೆಗೆ ಕೂರುತ್ತಿದ್ದೆ.